ಒತ್ತಾಗಿ ಬೆಳೆದ ತೆಂಗು, ಅಡಿಕೆ, ಈಚಲು ಸಸಿಗಳನ್ನು ಬೇರ್ಪಡಿಸಿ ಚೀಲಕ್ಕೆ ನೆಡುವ ಕ್ರಮ: ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಸಸ್ಯಕ್ಷೇತ್ರದ ವಿಷಯ ಬಂದಾಗ ಸಭೆಗಳಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆಗಳು ಕೇಳಿಬರುತ್ತವೆ: ಎಷ್ಟು ಸಸಿ ಬೆಳೆಸಲಾಯಿತು, ಎಷ್ಟು ಸಸಿ ವಿತರಿಸಲಾಯಿತು. ಈ ಎರಡರ ನಡುವೆ ಮೂರನೆಯ ಪ್ರಶ್ನೆಯೊಂದಿದೆ. ಮಡಿಯಲ್ಲಿ ಒತ್ತಾಗಿ ಮೊಳೆತ ಸಸಿಗಳನ್ನು ಯಾವಾಗ, ಯಾರು, ಹೇಗೆ ಬೇರ್ಪಡಿಸಿದರು ಎಂಬುದೇ ಆ ಪ್ರಶ್ನೆ. ತೆಂಗು, ಅಡಿಕೆ, ಈಚಲು, ತಾಳೆ ಹಾಗೂ ಕಚೇರಿಗಳ ಮುಂದೆ ಇಡುವ ಅಲಂಕಾರಿಕ ಪಾಮ್ ಗಿಡಗಳ ವಿಷಯದಲ್ಲಿ ಬೆಳೆಯ ಮುಂದಿನ ಹಣೆಬರಹ ಬಹುಮಟ್ಟಿಗೆ ಈ ಹಂತದಲ್ಲಿಯೇ ತೀರ್ಮಾನವಾಗುತ್ತದೆ. ಆದುದರಿಂದ ಇಂದಿನ ಮಾತನ್ನು ಈ ಒಂದು ಕೆಲಸಕ್ಕೆ ಸೀಮಿತಗೊಳಿಸಿಕೊಂಡಿದ್ದೇನೆ.

ಇದು ತೋಟಗಾರರ ವಿಷಯ, ಪಂಚಾಯಿತಿಗೆ ಇದರಿಂದೇನು ಎಂದು ಕೆಲವರಿಗೆ ಅನಿಸಬಹುದು. ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ಸಂಬಂಧಿಸಿದ 29 ವಿಷಯಗಳಿವೆ. ಅವುಗಳಲ್ಲಿ ಕೃಷಿಯೂ ಇದೆ, ಸಾಮಾಜಿಕ ಅರಣ್ಯ ಮತ್ತು ಕೃಷಿ ಅರಣ್ಯವೂ ಇದೆ. ಸಾರ್ವಜನಿಕ ಹಣದಲ್ಲಿ ಸಸಿ ಬೆಳೆಸಿ ರೈತನ ಕೈಗೆ ಕೊಡುವಾಗ ಆ ಸಸಿಯ ಗುಣಮಟ್ಟಕ್ಕೆ ಪಂಚಾಯಿತಿ ಜವಾಬ್ದಾರನಾಗುತ್ತದೆ.

ತೆಂಗಿನಲ್ಲಿ ಈ ಹೊಣೆ ಇನ್ನೂ ದೊಡ್ಡದು. ಜೋಳದ ಬಿತ್ತನೆ ಕೆಟ್ಟರೆ ತಿಂಗಳೊಳಗೆ ತಿಳಿಯುತ್ತದೆ, ಮರುಬಿತ್ತನೆ ಮಾಡಬಹುದು. ಎತ್ತರದ ತಳಿಯ ತೆಂಗು ಫಲಕ್ಕೆ ಬರಲು ಸಾಮಾನ್ಯವಾಗಿ 6ರಿಂದ 7 ವರ್ಷ ಬೇಕು. 7.5 ಮೀಟರ್ ಅಂತರದಲ್ಲಿ ನೆಟ್ಟರೆ ಒಂದು ಎಕರೆಗೆ ಸುಮಾರು 70 ಗಿಡಗಳು ಹಿಡಿಯುತ್ತವೆ. ಒಂದೇ ಎಕರೆ ಇರುವ ರೈತನಿಗೆ ಕೊಟ್ಟ ಸಸಿಗಳಲ್ಲಿ ಕಾಲು ಭಾಗ ದುರ್ಬಲವಾಗಿದ್ದರೂ ಆ ಸಂಗತಿ ಅವನಿಗೆ ಖಚಿತವಾಗುವುದು ಏಳನೆಯ ವರ್ಷದಲ್ಲಿ. ಅಷ್ಟರಲ್ಲಿ ಆ ಅವಧಿಯ ಸದಸ್ಯರು ಬದಲಾಗಿರುತ್ತಾರೆ, ಕಡತ ಮುಚ್ಚಿರುತ್ತದೆ, ರೈತ ಮಾತ್ರ ಅದೇ ಹೊಲದಲ್ಲಿ ಇರುತ್ತಾನೆ. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆಯನ್ನು ನಾವು ಮಕ್ಕಳ ವಿಷಯದಲ್ಲಿ ಬಳಸುತ್ತೇವೆ. ಸಸ್ಯಕ್ಷೇತ್ರದಲ್ಲಿ ಅದು ಅಕ್ಷರಶಃ ಸತ್ಯ.

ನಮ್ಮ ನೆಲದ ಸ್ಥಿತಿ

2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಮೇಲೆ ಹೊಸಪೇಟೆ ಮತ್ತು ಹಂಪಿ ಒಂದು ಜಿಲ್ಲೆಯಲ್ಲಿಯೂ ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೂ ಉಳಿದವು. ಆಡಳಿತದ ಗೆರೆ ಬದಲಾದರೂ ಬಿಸಿಲು ಒಂದೇ, ತುಂಗಭದ್ರೆಯೂ ಒಂದೇ. ಈ ಸೀಮೆಗೆ ತಾಳೆ ಜಾತಿಯ ಮರಗಳು ಹೊಸತಲ್ಲ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಅರಮನೆಯ ಸಮೀಪ ಇಂಥ ಮರಗಳ ತೋಪೊಂದು ಇದ್ದುದನ್ನು ದಾಖಲಿಸಿದ್ದಾನೆ. ಅರಸರ ಕಾಲದ ಕಾಲುವೆಗಳು ಇಂದಿಗೂ ಹೊಸಪೇಟೆ, ಕಮಲಾಪುರ, ಹಂಪಿ, ಕಂಪ್ಲಿಯ ಭಾಗಗಳಲ್ಲಿ ಬಾಳೆ, ತೆಂಗು, ಕಬ್ಬು, ಭತ್ತಗಳಿಗೆ ನೀರುಣಿಸುತ್ತಿವೆ.

ಆದರೂ ಕಾಲುವೆಯ ನೀರನ್ನೇ ನಂಬಿ ಸಸ್ಯಕ್ಷೇತ್ರ ಮಾಡಬಾರದು. ಕಾಲುವೆ ಎಂದು ತೆರೆಯುವುದು, ಎಂದು ಮುಚ್ಚುವುದು ನಮ್ಮ ಕೈಯಲ್ಲಿಲ್ಲ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೆಯ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಇಡೀ ಅಚ್ಚುಕಟ್ಟಿನ ಜನ ಅನುಭವಿಸಿದ ಆತಂಕ ತಮಗೆಲ್ಲ ನೆನಪಿದೆ. ಹೊಲದ ಬೆಳೆ ನಾಲ್ಕು ದಿನ ತಾಳಬಲ್ಲದು. ಆಗತಾನೇ ಬೇರ್ಪಡಿಸಿ ಚೀಲಕ್ಕೆ ಹಾಕಿದ ಸಸಿ ಬೇಸಿಗೆಯಲ್ಲಿ ಎರಡು ದಿನವೂ ತಾಳದು. ಆದುದರಿಂದ ಕೊಳವೆಬಾವಿಯೋ ತೊಟ್ಟಿಯೋ ಇರುವ ಸ್ಥಳವನ್ನೇ ಈ ಕೆಲಸಕ್ಕೆ ಆರಿಸಬೇಕು.

ಬಾಳೆಯ ಅನುಭವ ಇಲ್ಲಿ ಸಲ್ಲದು

ನಮ್ಮ ಭಾಗದ ಕೂಲಿಕಾರರು ಬಾಳೆಯಲ್ಲಿ ಪಳಗಿದವರು. ತಾಯಿಗಿಡದ ಬುಡದಿಂದ ಕಂದನ್ನು ಗುದ್ದಲಿಯಿಂದ ಬೇರ್ಪಡಿಸುತ್ತಾರೆ, ಹಳೆಯ ಬೇರುಗಳನ್ನು ಸವರುತ್ತಾರೆ, ಮೇಲಿನ ಎಲೆಯನ್ನು ಕತ್ತರಿಸುತ್ತಾರೆ, ಮತ್ತೆ ನೆಡುತ್ತಾರೆ. ಕಂದು ಚಿಗುರುತ್ತದೆ. ಇದೇ ಕೈಚಳಕವನ್ನು ಅಡಿಕೆ, ಈಚಲು, ಅಲಂಕಾರಿಕ ಪಾಮ್ ಸಸಿಗಳ ಮೇಲೆ ಪ್ರಯೋಗಿಸಿದಾಗ ಸಸಿಗಳು ಸಾಯುತ್ತವೆ. ಕೂಲಿಕಾರರ ಅಲಕ್ಷ್ಯದಿಂದ ಹೀಗಾಗುವುದಲ್ಲ, ಎರಡು ಸಸ್ಯಗಳ ರಚನೆಯೇ ಬೇರೆ.

ಬಾಳೆಯ ಕಂದಿಗೆ ನೆಲದೊಳಗೆ ಗಡ್ಡೆಯಿದೆ. ಆ ಗಡ್ಡೆಯಲ್ಲಿ ಆಹಾರವೂ ನೀರೂ ತುಂಬಿರುವುದರಿಂದ ಬೇರಿಲ್ಲದಿದ್ದರೂ ಹೊಸ ಬೇರು ಬರುವವರೆಗೆ ಅದು ಬದುಕಬಲ್ಲದು. ಎಳೆಯ ಪಾಮ್ ಸಸಿಗೆ ಅಂಥ ಉಗ್ರಾಣವಿಲ್ಲ. ಬೀಜದೊಳಗಿನ ತಿರುಳು ಮುಗಿಯುವವರೆಗೆ ಅದರ ಆಸರೆ, ಅನಂತರ ಬೇರೇ ಗತಿ. ಎರಡನೆಯದಾಗಿ, ಈ ಜಾತಿಯ ಗಿಡಗಳಿಗೆ ಮಾವು, ಬೇವುಗಳಂತೆ ದಪ್ಪಗಾಗುತ್ತ ಹೋಗುವ ತಾಯಿಬೇರಿಲ್ಲ. ಕಾಂಡದ ಬುಡದಿಂದ ಒಂದೊಂದಾಗಿ ಹೊರಡುವ ನಾರುಬೇರುಗಳೇ ಜೀವನಾಡಿ. ಎಳೆಯ ಸಸಿಯಲ್ಲಿ ಅವುಗಳ ಸಂಖ್ಯೆ ಕಡಿಮೆ. ಅವುಗಳಲ್ಲಿ ಎರಡು ಮೂರು ತುಂಡಾದರೆ ಬದಲಿ ಬೇರು ಮೂಡಲು ವಾರಗಳೇ ಬೇಕು. ಅಷ್ಟರಲ್ಲಿ ಎಲೆಗಳ ಮೂಲಕ ನೀರು ಆವಿಯಾಗಿ ಹೋಗಿರುತ್ತದೆ. ಮೂರನೆಯದಾಗಿ, ಇಡೀ ಸಸಿಗೆ ಬೆಳೆಯುವ ತುದಿ ಒಂದೇ, ಅದುವೇ ಸುಳಿ. ಬೇವಿನ ಸಸಿಯ ತುದಿ ಮುರಿದರೆ ಪಕ್ಕದಲ್ಲಿ ಕವಲೊಡೆಯುತ್ತದೆ. ತೆಂಗು ಅಥವಾ ಅಡಿಕೆಯ ಸುಳಿ ಕೊಳೆತರೆ ಆ ಸಸಿಯ ಕಥೆ ಅಲ್ಲಿಗೆ ಮುಗಿಯಿತು.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ನಿವಾರಿಸಬೇಕು. ಒಂದೇ ಚೀಲದಲ್ಲಿ ಗುಂಪಾಗಿ ನಿಂತ ಅಡಿಕೆ ಸಸಿಗಳು ಒಂದೇ ಗಿಡದ ಮರಿಗಳಲ್ಲ. ಅವು ಬೇರೆ ಬೇರೆ ಬೀಜಗಳಿಂದ ಹುಟ್ಟಿ ಬೇರುಗಳು ಹೆಣೆದುಕೊಂಡ ಪ್ರತ್ಯೇಕ ಸಸಿಗಳು. ಆದ್ದರಿಂದ ಅಲ್ಲಿ ಕತ್ತರಿಸುವಂಥದ್ದು ಏನೂ ಇಲ್ಲ, ಬಿಡಿಸುವುದಷ್ಟೇ ಇದೆ.

ಒತ್ತಾಗಿ ಬಿಟ್ಟರೆ ಆಗುವ ನಷ್ಟ

ಬೇರ್ಪಡಿಸುವುದು ಅಪಾಯವಾದರೆ ಹಾಗೆಯೇ ಬಿಡಬಹುದಲ್ಲವೇ ಎಂದು ಕೇಳಬಹುದು. ಬಿಡುವುದು ಇನ್ನೂ ದೊಡ್ಡ ಅಪಾಯ. ಒತ್ತಾಗಿ ಬೆಳೆದ ಸಸಿಗಳು ಬೆಳಕಿಗಾಗಿ ಪೈಪೋಟಿ ನಡೆಸಿ ಎತ್ತರವಾಗಿ, ಬುಡ ತೆಳ್ಳಗಾಗಿ ಬೆಳೆಯುತ್ತವೆ. ನೋಡುವವರಿಗೆ ಎತ್ತರವೇ ಆರೋಗ್ಯವೆಂದು ತೋರುತ್ತದೆ. ವಾಸ್ತವದಲ್ಲಿ ತೆಂಗು, ಅಡಿಕೆ ಎರಡರಲ್ಲಿಯೂ ಉತ್ತಮ ಸಸಿಯ ಲಕ್ಷಣ ಬುಡದ ದಪ್ಪ ಮತ್ತು ಎಲೆಗಳ ಸಂಖ್ಯೆಯೇ ಹೊರತು ಎತ್ತರವಲ್ಲ. ಗಾಳಿಯಾಡದ ಮಡಿಯಲ್ಲಿ ಎಲೆಚುಕ್ಕೆ, ಸುಳಿಕೊಳೆ ರೋಗಗಳು ಸುಲಭವಾಗಿ ಹರಡುತ್ತವೆ. ತಡಮಾಡಿದಷ್ಟೂ ಬೇರುಗಳು ಹೆಚ್ಚು ಹೆಣೆದುಕೊಳ್ಳುತ್ತವೆ. ಎರಡೆಲೆಯ ಹಂತದಲ್ಲಿ ಬೆರಳಿನಿಂದ ಬಿಡಿಸಬಹುದಾದ ಗಂಟು ಆರು ತಿಂಗಳ ಬಳಿಕ ಚಾಕುವಿಗೂ ಸುಲಭವಾಗಿ ಬಿಡುವುದಿಲ್ಲ.

ಯಾವುದನ್ನು ಯಾವಾಗ

ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ತೆಂಗು ಮತ್ತು ಅಡಿಕೆಯ ಸಸ್ಯಕ್ಷೇತ್ರದ ಬಗ್ಗೆ ಸ್ಪಷ್ಟ ಕ್ರಮಗಳನ್ನು ನೀಡಿದೆ. ಅದರ ಮೂಲ 1916ರಲ್ಲಿ ಆರಂಭವಾದ ತೆಂಗು ಸಂಶೋಧನಾ ಕೇಂದ್ರ. ಆ ಕ್ರಮಗಳ ಸಾರವನ್ನು ನಮ್ಮ ಹವೆಗೆ ಹೊಂದಿಸಿ ಹೇಳುತ್ತೇನೆ.

ಅಡಿಕೆ: ಬೀಜದ ಅಡಿಕೆಯನ್ನು ಮರಳು ಮಡಿಯಲ್ಲಿ ಸುಮಾರು 5 ಸೆಂ.ಮೀ. ಅಂತರದಲ್ಲಿ, ತೊಟ್ಟು ಮೇಲ್ಮುಖವಾಗಿ ಇಡುತ್ತಾರೆ. ಸುಮಾರು 3 ತಿಂಗಳಲ್ಲಿ, 2ರಿಂದ 3 ಎಲೆ ಬಂದಾಗ ಬೇರ್ಪಡಿಸಬೇಕು. 25 × 15 ಸೆಂ.ಮೀ. ಚೀಲ ಸಾಕು. ಮಿಶ್ರಣದಲ್ಲಿ ಮೇಲ್ಮಣ್ಣು 7 ಪಾಲು, ಕೊಟ್ಟಿಗೆ ಗೊಬ್ಬರ 3 ಪಾಲು, ಮರಳು 2 ಪಾಲು ಇರಲಿ. ಚೀಲದ ಬದಲು ಎರಡನೆಯ ಮಡಿಗೆ ನೆಡುವುದಾದರೆ 30 × 30 ಸೆಂ.ಮೀ. ಅಂತರ ಬೇಕು. 12ರಿಂದ 18 ತಿಂಗಳ ಸಸಿ ತೋಟಕ್ಕೆ ಯೋಗ್ಯ.

ತೆಂಗು: ಬೀಜದ ಕಾಯಿಗಳನ್ನು ಒಂದಕ್ಕೊಂದು ತಾಗಿಸಿ ಇಟ್ಟಿದ್ದರೆ ಮೊಳಕೆ ಹೊರಬಂದ ಕೂಡಲೇ, ಬೇರು ಸಿಪ್ಪೆಯಿಂದ ಆಗತಾನೇ ಇಣುಕುವಾಗಲೇ ದೊಡ್ಡ ಚೀಲಕ್ಕೆ ಬದಲಿಸಬೇಕು. ಚೀಲಕ್ಕೆ ಹಾಕದೆ ಮಡಿಯಲ್ಲಿಯೇ ಬೆಳೆಸುವುದಾದರೆ ಆರಂಭದಲ್ಲಿಯೇ 40 × 30 ಸೆಂ.ಮೀ. ಅಂತರ ಕೊಡಬೇಕು. 6 ತಿಂಗಳೊಳಗೆ ಮೊಳೆಯದ ಕಾಯಿಗಳನ್ನು ತೆಗೆದುಹಾಕಬೇಕು. ಸಸಿಗೆ ಅಂಟಿಕೊಂಡ ಕಾಯಿಯನ್ನು ಯಾವ ಕಾರಣಕ್ಕೂ ಕೀಳಬಾರದು. ಕಾಯಿಯ ಒಳಗೆ ಮಕ್ಕಳು ಇಷ್ಟಪಟ್ಟು ತಿನ್ನುವ ಮೆದುವಾದ ಹೂವಿನಂಥ ಭಾಗವಿರುತ್ತದೆ. ಅದು ಕೊಬ್ಬರಿಯ ಸಾರವನ್ನು ಹೀರಿ ಸಸಿಗೆ ಉಣಿಸುವ ಅಂಗ. ಅದು ತಿಂಗಳುಗಟ್ಟಲೆ ದುಡಿಯುತ್ತದೆ.

ಈಚಲು: ಹಳ್ಳದ ದಂಡೆಗೆ, ಕೆರೆಯ ಏರಿಯ ಕೆಳಭಾಗಕ್ಕೆ ಹೊಂದುವ ಮರ. ಇದರ ಗರಿಯಿಂದ ಪೊರಕೆ, ಚಾಪೆ ಹೆಣೆದು ಬದುಕುವ ಕುಟುಂಬಗಳಿವೆ. ಇದರ ಹಣ್ಣು ಕರಡಿಗೂ ಆಹಾರ. 1994ರಲ್ಲಿ ಘೋಷಿತವಾದ ದರೋಜಿ ಕರಡಿಧಾಮದ ಸುತ್ತಲಿನ ಪಂಚಾಯಿತಿಗಳು ಇದನ್ನು ಗಮನದಲ್ಲಿಡಬೇಕು. ಈಚಲಿನ ಮೊಳಕೆ ಮೊದಲು ಕೆಳಕ್ಕೆ ಇಳಿದು ಅನಂತರ ಮೇಲಕ್ಕೆ ಎಲೆ ಕಳಿಸುತ್ತದೆ. ಹಾಗಾಗಿ ಮೊದಲ ಪಟ್ಟಿಯಂಥ ಎಲೆ ಕಂಡಾಗಲೇ ಬೇರ್ಪಡಿಸಿ, ಅಗಲಕ್ಕಿಂತ ಆಳ ಹೆಚ್ಚಿರುವ ಚೀಲಕ್ಕೆ ಹಾಕಬೇಕು.

ತಾಳೆ: ಇದನ್ನು ಬೇರ್ಪಡಿಸಲೇಬಾರದು. ಇದರ ಮೊಳಕೆ ಎಲೆ ತೋರಿಸುವ ಮೊದಲೇ ನೆಲದೊಳಗೆ ಬಹಳ ಆಳಕ್ಕೆ ಇಳಿದಿರುತ್ತದೆ. ಅಗೆದರೆ ತುಂಡಾಗುತ್ತದೆ. ಬೀಜವನ್ನು ಮರ ನಿಲ್ಲಬೇಕಾದ ಜಾಗದಲ್ಲಿಯೇ ಹೂಳಬೇಕು.

ಅಲಂಕಾರಿಕ ಪಾಮ್: ಕಚೇರಿ, ಶಾಲೆಗಳಿಗೆ ಕೊಳ್ಳುವ ಅರೆಕಾ ಪಾಮ್ ಕುಂಡಗಳಲ್ಲಿ ಹತ್ತಾರು ಸಸಿಗಳನ್ನು ಒಟ್ಟಿಗೆ ತುಂಬಿರುತ್ತಾರೆ. ಇವನ್ನು ಒಂದೊಂದಾಗಿ ಬಿಡಿಸುವ ಹಟ ಬೇಡ. 3ರಿಂದ 4 ಸಸಿಗಳ ಗುಂಪುಗಳಾಗಿ ವಿಂಗಡಿಸಿದರೆ ಬೇರಿಗೆ ಆಗುವ ಗಾಯ ಕಡಿಮೆ.

ಕಾಲದ ವಿಷಯದಲ್ಲಿ ಒಂದು ಮಾತು. ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಮಾರ್ಚ್‌ನಿಂದ ಮೇ ಅಂತ್ಯದವರೆಗೆ ಬೇರ್ಪಡಿಸುವ ಕೆಲಸವನ್ನು ಕೈಗೊಳ್ಳಬಾರದು. ಜೂನ್‌ನಿಂದ ಅಕ್ಟೋಬರ್‌ವರೆಗೆ, ಅದರಲ್ಲಿಯೂ ಮೋಡ ಕವಿದ ದಿನಗಳು ಉತ್ತಮ. ನೆಲ ಬೆಚ್ಚಗಿದ್ದು ಗಾಳಿಯಲ್ಲಿ ತೇವವಿರುವಾಗ ಈ ಜಾತಿಯ ಬೇರುಗಳು ಬೇಗ ಮೂಡುತ್ತವೆ. ಬೇರ್ಪಡಿಸುವ ತಿಂಗಳನ್ನು ಮೊದಲು ನಿಗದಿಪಡಿಸಿ, ಅಲ್ಲಿಂದ ಹಿಂದಕ್ಕೆ ಎಣಿಸಿ ಬಿತ್ತನೆಯ ದಿನವನ್ನು ಗೊತ್ತುಮಾಡುವುದು ಸರಿಯಾದ ಕ್ರಮ. ಅನುದಾನ ಬಂದ ದಿನ ಬಿತ್ತುವುದರಿಂದ ಸಸಿಗಳು ನಡುಬೇಸಿಗೆಯಲ್ಲಿ ಬೇರ್ಪಡಿಸುವ ಹಂತಕ್ಕೆ ಬಂದು ನಿಲ್ಲುತ್ತವೆ.

ಕೆಲಸದ ಕ್ರಮ

ಹಿಂದಿನ ದಿನ ಸಂಜೆ ಮಡಿಗೆ ಧಾರಾಳವಾಗಿ ನೀರು ಹಾಯಿಸಬೇಕು. ಚೀಲಗಳನ್ನು ಮೊದಲೇ ತುಂಬಿ, ತೇವಗೊಳಿಸಿ, ನೆರಳಿನಲ್ಲಿ ಸಾಲಾಗಿ ಇಟ್ಟಿರಬೇಕು. ಸಸಿ ಕಿತ್ತ ಮೇಲೆ ಮಣ್ಣು ತುಂಬಲು ಕೂತರೆ ಬೇರು ಒಣಗುತ್ತದೆ. ಕೆಲಸ ಸಂಜೆಯ ಹೊತ್ತು, ನೆರಳಿನಲ್ಲಿ ನಡೆಯಲಿ.

ಸಸಿಯನ್ನು ಎಲೆ ಹಿಡಿದು ಎಳೆಯಬಾರದು. ಗುಂಪನ್ನು ಅಡಿಯಿಂದ ಮಣ್ಣಿನ ಸಮೇತ ಎತ್ತಿ ಅಗಲವಾದ ನೀರಿನ ಪಾತ್ರೆಯಲ್ಲಿ ಇಡಬೇಕು. ಮಣ್ಣು ನೆನೆದು ತಾನಾಗಿ ಕಳಚುವವರೆಗೆ ತಾಳ್ಮೆ ಬೇಕು. ಬಳಿಕ ಬುಡವನ್ನು ಹಿಡಿದು, ನೀರಿನೊಳಗೇ ಮೆಲ್ಲನೆ ಅಲುಗಿಸುತ್ತ ಒಂದೊಂದೇ ಸಸಿಯನ್ನು ಬಿಡಿಸಬೇಕು. ಬೇರು ಬಿಡಿಸುವುದು ನೀರಿನ ಕೆಲಸ, ಬೆರಳು ಸಹಾಯಕ ಮಾತ್ರ, ಚಾಕು ಕಟ್ಟಕಡೆಯ ಉಪಾಯ. ಹರಿದ ಬೇರಿನ ತುದಿಯನ್ನು ಮಾತ್ರ ಹರಿತವಾದ ಚಾಕುವಿನಿಂದ ನೇರಗೊಳಿಸಬಹುದು. ಒಳ್ಳೆಯ ಬೇರನ್ನು ಸವರುವುದು, ಹಸಿರೆಲೆಯನ್ನು ಕತ್ತರಿಸುವುದು ಬೇಡ. ಬಿಡಿಸಿದ ಸಸಿಗಳನ್ನು ಒದ್ದೆ ಗೋಣಿಯೊಳಗೆ ಇಟ್ಟು ಕೂಡಲೇ ನೆಡಬೇಕು.

ನೆಡುವಾಗ ಆಳದ ಬಗ್ಗೆ ಎಚ್ಚರ ಅಗತ್ಯ. ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳ. ಸಸಿ ನೆಟ್ಟಗೆ ನಿಲ್ಲಲೆಂದು ಬುಡಕ್ಕೆ ಮಣ್ಣೇರಿಸಿದರೆ ಸುಳಿಯೊಳಗೆ ಮಣ್ಣು ನೀರು ನಿಂತು ಕೊಳೆಯುತ್ತದೆ. ತೆಂಗಿನ ಕಾಯಿಯ ಮೇಲ್ಭಾಗ ಮಣ್ಣಿನಿಂದ ಹೊರಗೆ ಕಾಣುತ್ತಿರಬೇಕು. ಮಣ್ಣನ್ನು ಕಾಲಿನಿಂದ ತುಳಿಯದೆ ನೀರಿನಿಂದ ಕೂರಿಸಬೇಕು.

ಗೊಬ್ಬರದ ಬಗ್ಗೆಯೂ ಹೇಳಲೇಬೇಕು. ಅರೆ ಕೊಳೆತ ತಿಪ್ಪೆಗೊಬ್ಬರ ಕುರುವಾಯಿ ಕೀಟದ, ಅಂದರೆ ತೆಂಗಿನ ಸುಳಿ ಕೊರೆಯುವ ದುಂಬಿಯ, ತವರುಮನೆ. ದಪ್ಪನೆಯ ಬಿಳಿ ಹುಳುಗಳು ಕಂಡರೆ ಅವನ್ನು ಆರಿಸಿ ನಾಶಪಡಿಸಿ, ಪೂರ್ಣ ಕಳಿತ ಗೊಬ್ಬರವನ್ನಷ್ಟೇ ಬಳಸಬೇಕು. ಹಂಪಿ, ಸಂಡೂರಿನ ಕೆಂಪು ನೆಲದಲ್ಲಿ ಗೆದ್ದಲಿನ ಕಾಟಕ್ಕೆ ತೋಟಗಾರಿಕೆ ಇಲಾಖೆಯ ಸಲಹೆ ಪಡೆಯಬೇಕು. ಕಂಪ್ಲಿ ಭಾಗದ ಎರೆಮಣ್ಣನ್ನು ಹಾಗೆಯೇ ಚೀಲಕ್ಕೆ ತುಂಬಿದರೆ ನೀರು ಬಸಿಯದು. ಮರಳು ಬೆರೆಸಬೇಕು, ಚೀಲದ ಅಡಿಯಲ್ಲಿ ರಂಧ್ರಗಳಿರಬೇಕು. ಸಂಡೂರಿನಲ್ಲಿ ಅದಿರು ಲಾರಿಗಳು ಓಡಾಡುವ ರಸ್ತೆಯ ಬದಿಯಲ್ಲಿ ಸಸ್ಯಕ್ಷೇತ್ರ ಬೇಡ. ಎಲೆಯ ಮೇಲೆ ಕೂತ ಕೆಂಧೂಳು ಬೆಳಕನ್ನು ತಡೆಯುತ್ತದೆ. ಅನಿವಾರ್ಯವಾದರೆ ವಾರಕ್ಕೊಮ್ಮೆಯಾದರೂ ಎಲೆ ತೊಳೆಯಬೇಕು. ಹಂಪಿಯ ಪಾರಂಪರಿಕ ಪ್ರದೇಶದಲ್ಲಿ ಸಾಮೂಹಿಕವಾಗಿ ಗಿಡ ನೆಡುವ ಮೊದಲು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವನ್ನೂ ಪುರಾತತ್ವ ಇಲಾಖೆಯನ್ನೂ ವಿಚಾರಿಸುವುದು ಕ್ಷೇಮ.

ಅನಂತರದ 45 ದಿನ

ಬೇರ್ಪಡಿಸಿದ ಸಸಿಗಳಿಗೆ 3ರಿಂದ 4 ವಾರ ಅರೆ ನೆರಳು ಬೇಕು. ನೆರಳುಬಲೆ ಇಲ್ಲದಿದ್ದರೆ ತೆಂಗಿನ ಗರಿಯ ಚಪ್ಪರ ಸಾಕು. ಮಣ್ಣು ಸದಾ ತೇವವಾಗಿರಲಿ, ಕೆಸರಾಗದಿರಲಿ. ಹೊಸ ಎಲೆ ಬರುವವರೆಗೆ ರಾಸಾಯನಿಕ ಗೊಬ್ಬರ ಹಾಕಬಾರದು. ಗಾಯಗೊಂಡ ಬೇರಿಗೆ ಅದು ಉಪ್ಪೆರಚಿದಂತೆ.

ಸಸಿ ಬದುಕಿದೆಯೋ ಇಲ್ಲವೋ ಎಂದು ತಿಳಿಯಲು ಹಸಿರು ಬಣ್ಣವನ್ನು ನಂಬಬಾರದು. ಬೇರು ಸತ್ತ ಮೇಲೂ ಎಲೆ ಕೆಲವು ವಾರ ಹಸಿರಾಗಿರಬಹುದು. ಸದಸ್ಯರು ತಾವೇ ಮಾಡಬಹುದಾದ ಸರಳ ಪರೀಕ್ಷೆ ಇದೆ. ಅಳಿಸದ ಶಾಯಿಯ ಪೆನ್ನಿನಿಂದ ಸುಳಿ ಎಲೆ ಮತ್ತು ಅದರ ಪಕ್ಕದ ಎಲೆಯ ತೊಟ್ಟು ಎರಡರ ಮೇಲೂ ಹಾಯುವಂತೆ ಒಂದೇ ಅಡ್ಡಗೆರೆ ಎಳೆಯಿರಿ. ಎರಡು ಮೂರು ವಾರಗಳ ಬಳಿಕ ನೋಡಿರಿ. ಸುಳಿಯ ಮೇಲಿನ ಗೆರೆ ಪಕ್ಕದ ಗೆರೆಗಿಂತ ಮೇಲೇರಿದ್ದರೆ ಸಸಿ ಬೆಳೆಯುತ್ತಿದೆ, ಬೇರು ಹಿಡಿದಿದೆ. ಗೆರೆ ಇದ್ದಲ್ಲಿಯೇ ಇದ್ದು, ಮೃದುವಾಗಿ ಎಳೆದರೆ ಸುಳಿ ಕೈಗೆ ಬಂದರೆ ಆ ಸಸಿ ಸತ್ತಿದೆ. ಪ್ರತಿ ಸಾಲಿನಲ್ಲಿ ಕೆಲವು ಸಸಿಗಳಿಗೆ ಹೀಗೆ ಗುರುತು ಮಾಡಿದರೆ ಸಾಕು.

ಪಂಚಾಯಿತಿ ಕೈಗೊಳ್ಳಬೇಕಾದ ತೀರ್ಮಾನಗಳು

ಈಗ ನಿರ್ವಹಣೆಯ ಮಾತು. ತಾಂತ್ರಿಕ ಕ್ರಮಗಳೆಲ್ಲ ಸರಿಯಿದ್ದರೂ ಕೆಲವು ಆಡಳಿತಾತ್ಮಕ ರೂಢಿಗಳು ಅವನ್ನು ನಿಷ್ಫಲಗೊಳಿಸುತ್ತವೆ. ಆದುದರಿಂದ ನಾಲ್ಕು ತೀರ್ಮಾನಗಳನ್ನು ತಮ್ಮ ಸಾಮಾನ್ಯ ಸಭೆಯ ಮುಂದಿಡಬೇಕೆಂದು ಕೋರುತ್ತೇನೆ.

ಮೊದಲನೆಯದು, ಗುರಿಯ ನಿಗದಿ. ದಿನಕ್ಕೆ ಇಷ್ಟು ಚೀಲ ತುಂಬಬೇಕೆಂಬ ಗುರಿಯನ್ನು ಬೇರ್ಪಡಿಸುವ ಕೆಲಸಕ್ಕೂ ಅನ್ವಯಿಸಿದರೆ ಕೈ ವೇಗವಾಗುತ್ತದೆ, ಬೇರು ಹರಿಯುತ್ತದೆ. ಯಾರ ಕೂಲಿಯನ್ನೂ ಕಡಿತ ಮಾಡಬೇಕೆಂಬುದು ಇದರ ಅರ್ಥವಲ್ಲ. ಆ ಕೆಲಸಕ್ಕೆ ಸಾಕಷ್ಟು ಮಾನವದಿನಗಳನ್ನು ಅಂದಾಜಿನಲ್ಲಿಯೇ ಸೇರಿಸಬೇಕು, ಕಾಮಗಾರಿಯ ಯಶಸ್ಸನ್ನು 45ನೆಯ ದಿನ ಬದುಕಿ ಉಳಿದ ಸಸಿಗಳ ಲೆಕ್ಕದಲ್ಲಿ ಅಳೆಯಬೇಕು. ತಾಳ್ಮೆ, ಸೂಕ್ಷ್ಮತೆ ಬೇಡುವ ಈ ಕೆಲಸವನ್ನು ತರಬೇತಿ ಪಡೆದ ಮಹಿಳಾ ಸ್ವಸಹಾಯ ಸಂಘಗಳಿಗೆ ವಹಿಸುವುದನ್ನು ಪರಿಶೀಲಿಸಬಹುದು.

ಎರಡನೆಯದು, ವಹಿ. ಬಿತ್ತಿದ ದಿನ, ಬಿತ್ತಿದ ಸಂಖ್ಯೆ, ಮೊಳೆತ ಸಂಖ್ಯೆ, ಬೇರ್ಪಡಿಸಿದ ದಿನ, 45ನೆಯ ದಿನ ಉಳಿದ ಸಂಖ್ಯೆ, ತಿರಸ್ಕರಿಸಿದ ಸಂಖ್ಯೆ ಮತ್ತು ಕಾರಣ, ವಿತರಿಸಿದ ದಿನ, ಪಡೆದ ರೈತ. ಈ ಎಂಟು ಕಲಮುಗಳ ವಹಿಯನ್ನು ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಸಾಮಾಜಿಕ ಪರಿಶೋಧನೆಗೂ ಇದು ಆಧಾರವಾಗುತ್ತದೆ.

ಮೂರನೆಯದು, ತಿರಸ್ಕಾರ. ಇದು ಎಲ್ಲಕ್ಕಿಂತ ಕಷ್ಟದ ತೀರ್ಮಾನ. ಬೇರ್ಪಡಿಸುವಾಗ ದುರ್ಬಲ ಸಸಿಗಳು ಸಿಕ್ಕೇ ಸಿಗುತ್ತವೆ. ವಿತರಣೆಯ ಹೊತ್ತಿಗೂ ಎಲ್ಲವೂ ಅರ್ಹವಾಗಿರುವುದಿಲ್ಲ. 10ರಿಂದ 12 ತಿಂಗಳ ತೆಂಗಿನ ಸಸಿಗೆ 6ರಿಂದ 8 ಎಲೆ, ಬುಡದ ಸುತ್ತಳತೆ 10ರಿಂದ 12 ಸೆಂ.ಮೀ. ಇರಬೇಕು. ಅಡಿಕೆ ಸಸಿ ಗಿಡ್ಡವಾಗಿ, 5 ಅಥವಾ ಹೆಚ್ಚು ಎಲೆಗಳಿಂದ ಕೂಡಿರಬೇಕು. ಇಲ್ಲದವನ್ನು ತೆಗೆದಿಟ್ಟರೆ ಸಾಧನೆಯ ಅಂಕಿ ಕುಗ್ಗುತ್ತದೆ, ಅಧಿಕಾರಿಗಳು ಪ್ರಶ್ನಿಸುತ್ತಾರೆಂಬ ಅಂಜಿಕೆಯೂ ಇರುತ್ತದೆ. ಅಂಥ ಸಸಿಗಳು ಕೊನೆಗೆ ಯಾರ ಪಾಲಿಗೆ ಹೋಗುತ್ತವೆ ಎಂಬುದನ್ನು ಸದಸ್ಯರು ಯೋಚಿಸಬೇಕು. ಬಲ್ಲವರು, ಮೊದಲು ಬಂದವರು ಒಳ್ಳೆಯದನ್ನು ಆರಿಸಿಕೊಳ್ಳುತ್ತಾರೆ. ಉಳಿದದ್ದು ಕೇಳಲು ಬಾಯಿಲ್ಲದವನ ಹೊಲ ಸೇರುತ್ತದೆ. ಮೊದಲೇ ತಿರಸ್ಕರಿಸಿದರೆ ಎಲ್ಲರಿಗೂ ಸಮಾನ ಗುಣದ ಸಸಿ ಸಿಗುತ್ತದೆ. ಆದುದರಿಂದ ತಿರಸ್ಕರಿಸಿದ ಸಂಖ್ಯೆಯನ್ನು ನಷ್ಟವೆಂದು ಬರೆಯದೆ, ಅಂದಾಜಿನಲ್ಲಿಯೇ ಅದಕ್ಕೆ ಅವಕಾಶವಿಟ್ಟು, ಹೆಚ್ಚುವರಿ ಬೀಜ ಬಿತ್ತಬೇಕು.

ನಾಲ್ಕನೆಯದು, ವಿತರಣೆಯ ದಿನ. ಮೊದಲ ಮಳೆ ಬಿದ್ದ ಕೂಡಲೇ ಸಸಿ ಕೊಡಿ ಎಂಬ ಒತ್ತಾಯ ಸಹಜ. ಚೀಲಕ್ಕೆ ಬದಲಿಸಿ 2 ತಿಂಗಳು ತುಂಬದ ಸಸಿಯನ್ನು ಯಾರ ಶಿಫಾರಸಿಗೂ ಹೊರಗೆ ಕಳುಹಿಸಬಾರದು. ಒಂದೇ ಋತುವಿನಲ್ಲಿ ಎರಡು ಬಾರಿ ಬೇರು ಕದಡಿದರೆ ಸಸಿ ಚೇತರಿಸಿಕೊಳ್ಳಲಾರದು. ಸಸಿ ಕೊಡುವಾಗ ಚೀಲವನ್ನು ಹರಿದು, ಮಣ್ಣಿನ ಹೆಂಟೆ ಒಡೆಯದಂತೆ ನೆಡುವ ವಿಧಾನವನ್ನೂ ರೈತನಿಗೆ ತೋರಿಸಬೇಕು, ಖಾಲಿ ಚೀಲವನ್ನು ಹಿಂದಕ್ಕೆ ಪಡೆಯಬೇಕು.

ಮಾನ್ಯ ಸದಸ್ಯರೇ, ಈ ಕೆಲಸಕ್ಕೆ ದೊಡ್ಡ ಅನುದಾನ ಬೇಕಿಲ್ಲ. ನೀರು ತುಂಬಿದ ಒಂದು ಅಗಲ ಪಾತ್ರೆ, ಒದ್ದೆ ಗೋಣಿ, ನೆರಳು, ಒಂದು ವಹಿ ಮತ್ತು ಅವಸರಪಡದ ಕೈಗಳು ಬೇಕು. ಮುಂದಿನ ಬಿತ್ತನೆಗೆ ಮೊದಲು ತಮ್ಮ ವ್ಯಾಪ್ತಿಯ ಸಸ್ಯಕ್ಷೇತ್ರಕ್ಕೆ ಒಮ್ಮೆ ಭೇಟಿ ನೀಡಿ, ಒಂದು ಗುಂಪನ್ನು ತಮ್ಮ ಮುಂದೆಯೇ ಬಿಡಿಸಿ ತೋರಿಸಲು ಹೇಳಿರಿ. ಬೇರು ಉಳಿಯಿತೋ ಹರಿಯಿತೋ ಎಂಬುದನ್ನು ಕಣ್ಣಾರೆ ಕಂಡ ಸದಸ್ಯರಿಗೆ ಸಭೆಯಲ್ಲಿ ಯಾವ ಪ್ರಶ್ನೆ ಕೇಳಬೇಕೆಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ.